ಜರಾ ಅಂದ್ರ ಎಷ್ಟು

ನೀಲಗಂಗಾನ ಬಲಗೈ ಪ್ಲಾಸ್ಟರದಾಗ ಅದ.
ಸೇಡಂ ಬಸ್‌ಸ್ಟ್ಯಾಂಡ್ ಮುಂದ ಸ್ಕೂಟಿ ಜಾರಿ
ಇವತ್ತಿಗೆ ಆರು ದಿನ.
ಐದು ದಿನ ಖಾನಾವಳಿ ಡಬ್ಬಿ ತಂದೆ.
ಅದೇ ಸೋಡಾ ಹಾಕಿದ ಬ್ಯಾಳಿ,
ಅದೇ ಎಣ್ಣ್ಯಾಗ ತೇಲೋ ಬದನಿಕಾಯಿ.
ಇವತ್ತು ಮಗಳು ಮುಚ್ಚಳ ತಗದು
ಹಂಗೇ ಮುಚ್ಚಿದಳು.

"ಹಿರೇಕಾಯಿ ಅವ," ಅಂದಳು ನೀಲಗಂಗಾ,
"ಹತ್ತು ನಿಮಿಷದ ಕೆಲಸ. ನಾ ಹೇಳತೀನಿ, ನೀವು ಮಾಡ್ರಿ."
ಅಡಗಿಮನಿ ಬಾಗಲದಾಗ ಕುರ್ಚಿ ಹಾಕಿಸಿಕೊಂಡು,
ಕೊರಳಿಗೆ ಕಟ್ಟಿದ ಕೈ ಕೂಸಿನಂಗ ಎದಿಗೆ ಒತ್ತಿಕೊಂಡು
ಕೂತಳು.

ನಾ ಸರ್ವೇಯರ್. ಇಪ್ಪತ್ತೊಂದು ವರ್ಷ
ಸರಪಳಿ ಎಳದೀನಿ, ಕಲ್ಲು ನಡಿಸೀನಿ.
ಎಕರೆಕ್ಕ ನಲವತ್ತು ಗುಂಟೆ,
ಗುಂಟೆಕ್ಕ ಹದಿನಾರು ಆಣೆ.
ಒಂದು ಆಣೆ ಅತ್ಲಾಗ ಇತ್ಲಾಗ ಆದರ
ಅಣ್ಣತಮ್ಮರು ಕೊಡ್ಲಿ ಹಿಡಕೊಂಡು ನಿಂತಿದ್ದು ನೋಡೀನಿ.

"ಮೊದಲ ಏಣು ಹೆರೀರಿ."
ಹಿರೇಕಾಯಿ ಕೈಯಾಗ ಹಿಡದು ನೋಡಿದೆ:
ಹತ್ತು ಬದು, ನಡುವ ಹತ್ತು ಉದ್ದನ್ನ ಹೊಲ,
ಒಂದರ ಗಡಿ ಇನ್ನೊಂದು ದಾಟಿಲ್ಲ.
ಬದು ಕೆಡಿಸಬ್ಯಾಡ್ರಿ ಅಂತ ಊರೂರು ಹೇಳಿಕೋತ ತಿರುಗಾಂವ
ಒಂದೊಂದೇ ಹೆರದು ಹಾಳಿ ಮ್ಯಾಲ ಒಟ್ಟಿದೆ.
"ಒಗೀಬ್ಯಾಡ್ರಿ ಅವನ್ನ, ಚಟ್ನಿ ಆಗತದ.
ತುದಿ ಕಚ್ಚಿ ನೋಡ್ರಿ, ಕಹಿ ಗಿಹಿ ಅದ ಏನು."
ಕಚ್ಚಿದೆ. ಕಹಿ ಇರಲಿಲ್ಲ.

"ಎಣ್ಣಿ ಹಾಕ್ರಿ."
"ಎಷ್ಟು?"
"ಜರಾ."
"ಜರಾ ಅಂದ್ರ ಎಷ್ಟು?"
"ಸಾಸಿವಿ ಮುಣಗಿ ಚಟಚಟ ಅನ್ನೋವಷ್ಟು."
"ಖಾರಪುಡಿ?"
"ಮಗಳು ಉಣ್ಣೋವಷ್ಟು."
"ಅರಿಷಿಣ?"
"ಚಿಟಿಕಿ."
"ನಿನ್ನ ಚಿಟಿಕೀನೋ, ನಂದೋ?"
ಗಣಿತದ ಪುಸ್ತಕದ ಹಿಂದ ಮಗಳು ನಕ್ಕಿದ್ದು ಕೇಳಿಸಿತು.

ಉಳ್ಳಾಗಡ್ಡಿ ಕೆಂಪಾತು. ಜಜ್ಜಿದ ಬಳ್ಳೊಳ್ಳಿ ವಾಸನಿ
ಕಿಡಕಿ ದಾಟಿ ಚಾಂದಬೀ ಅಂಗಳಕ್ಕ ಹೋತು.
"ಯಾರು, ಸಾಹೇಬ್ರೇನು ಒಲಿ ಮುಂದ?" ಅಂತ ಅಲ್ಲಿಂದ ದನಿ ಬಂತು.
ಅದಕ್ಕೇನು ಹೇಳೋದು ಅಂತ ವಿಚಾರ ಮಾಡಿಕೋತ
ಕಾಯಿ ಹಾಕಿದೆ, ಕೈಯಾಡಿಸಿದೆ,
ಒಂದು ಲೋಟ ನೀರು ಹಾಕಿಬಿಟ್ಟೆ.
"ಅಯ್ಯ, ನೀರು ಯಾಕ ಹಾಕಿದ್ರಿ!
ಹಿರೇಕಾಯಿ ತನ್ನ ನೀರು ತಾನೇ ಬಿಡತದ."
ಎಲ್ಲಾ ಕೇಳಿದ್ದೆ. ಅದೊಂದು ಕೇಳಿರಲಿಲ್ಲ.

"ಇರಲಿ, ಉರಿ ಜೋರು ಮಾಡ್ರಿ.
ಶೇಂಗಾಪುಡಿ ಹಾಕ್ರಿ, ಅದು ಕುಡೀತದ."
"ಉಪ್ಪು?"
"ಉಪ್ಪು ನಾನೇ ಹಾಕತೀನಿ, ಸರೀರಿ."
ಎದ್ದು ಬಂದಳು. ಎಡಗೈ ಡಬ್ಬ್ಯಾಗ ಇಟ್ಟಳು,
ತುಂಬಿಕೊಂಡು ಬೋಗುಣಿ ಮ್ಯಾಲ ಹಿಡದಳು.
ಹಿಡದೇ ನಿಂತಳು.
"ತಿಳೀವಲ್ದು," ಅಂದಳು ಸಣ್ಣಗ,
"ಈ ಕೈಗೆ ಗೊತ್ತಿಲ್ಲ."

ಹದಿನೇಳು ವರ್ಷ ನಾ ಉಂಡದ್ದೆಲ್ಲಾ
ಆ ಬಿಳೇ ಕಟ್ಟಿನೊಳಗ ಮಲಗಿತ್ತು.
ಬೆರಳಿನ ತುದಿ ಅಷ್ಟೇ ಹೊರಗ, ಜರಾ ಬಾತಿದ್ದವು.

ಆಕಿ ಎಡಗೈಯಾಗಿನ ಉಪ್ಪು ನನ್ನ ಬಲಗೈಯಾಗ ಸುರಿಸಿಕೊಂಡೆ.
ಅರ್ಧ ಹಾಕಿ ಆಕಿ ಮಾರಿ ನೋಡಿದೆ.
ಉಳಿದದ್ದರಾಗ ಮತ್ತ ಅರ್ಧ.
"ಸಾಕೇನು?"
"ನನಗೇನು ಕೇಳತೀರಿ, ನೆಕ್ಕಿ ನೋಡ್ರಿ."

ಚಾಂದಬೀ ಗ್ವಾಡಿ ಮ್ಯಾಲಿಂದ ನಾಕು ಬಿಸಿ ರೊಟ್ಟಿ ಕೊಟ್ಟಳು.
ಮೂರು ಮಂದಿ ಫರಸಿ ಮ್ಯಾಲ ಕೂತು ಉಂಡ್ವಿ.
"ಉಪ್ಪು ಜರಾ ಕಮ್ಮಿ ಆಗ್ಯದ," ಅಂದಳು ಮಗಳು.
"ಜರಾ ಅಂದ್ರ ಎಷ್ಟು?"
ಈ ಸಲ ಕೇಳಿದಾಕಿ ನೀಲಗಂಗಾ.

ತಳ ಹತ್ತಿದ ಬೋಗುಣಿ ನೆನೀಲಿ ಅಂತ ನೀರು ಬಿಟ್ಟು ಇಟ್ಟೆ.
ನಾಳೆ ಮುಧೋಳ ಕಡೆ ಪೋಡಿ ಕೆಲಸ ಅದ,
ಟೇಪು ಚೀಲದಾಗ ಹಾಕಿದೆ.
ಹಾಳಿ ಮ್ಯಾಲಿನ ಬದುಗಳು ಇನ್ನಾ ಹಸಿರೇ ಇದ್ದವು.
ಮುಂಜಾನಿ ಚಟ್ನಿ.
ಹುಣಸಿಹಣ್ಣು ಎಷ್ಟು ಅಂತ ಕೇಳಬೇಕು,
ಮಲಗ್ಯಾಳ.